ಹಲ್ಲುಜ್ಜುವ ಬ್ರಶ್ಶು

ವುಚ್ ಅಂದರೆ ದೋಣಿ, ಪೋಲಿಷ್ ಮಾತಲ್ಲಿ.
ಹೆಸರಷ್ಟೇ; ಊರ ಹೊಳೆಯೆಲ್ಲ ರಸ್ತೆಯಡಿ, ಪೈಪಿನಲ್ಲಿ.
ಕಡಲು ಬೇಕೆಂದರೆ ಬೋಗುಮಿವಾ
ಉಪ್ಪಿನ ಪೊಟ್ಟಣ ಹರಿದು ಬಕೆಟ್ಟಿಗೆ ಸುರಿಯುತ್ತಾಳೆ.

ದಂತವೈದ್ಯರ ಕಾಯುವ ಕೋಣೆ, ಬೆಳಗಿನ ಏಳು.
ತೊಟ್ಟಿಯ ನೀರ ಮೇಲೆ ಆರಿದ ಹಾಲಿನ ಕೆನೆಯಂಥ ಜಿಡ್ಡು.
ಪೇಪರ್ ಟವೆಲ್ ಹಾಸುತ್ತಾಳೆ,
ಜ್ವರದ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ;
ಮೂಲೆ ಹಿಡಿದು ಎತ್ತಿದರೆ
ಎಣ್ಣೆಬಣ್ಣ, ಮೀನುವಾಸನೆ.

ಕಲ್ಲಿಗೆ ಮತ್ತೆ ಹಸಿರು ಕೂದಲು.
ದೀಪ ಆರೇ ತಾಸು ಮಾಡಿದ್ದಳು,
ಬಸವನಹುಳು ಎಂಟು ತಂದಿದ್ದಳು;
ನಾಲ್ಕು ಸತ್ತವು, ಪಾಚಿ ಸಾಯಲಿಲ್ಲ.
ಈಗ ಕ್ಲಿನಿಕ್ಕಿನದೇ ಹೊಸ ಬ್ರಶ್ಶು.
ದವಡೆಹಲ್ಲು ತಿಕ್ಕುವಂತೆ ಸಂದಿಸಂದಿ ತಿಕ್ಕುತ್ತಾಳೆ.

ಮಂಗಳವಾರ ಕಂಡಳು:
ಹಲ್ಲುನೋವಿಲ್ಲದೆ ಬಂದು ಕೂರುವ ಮುದುಕ ಜೆನೋಬಿಯುಷ್,
ಬಾಯಲ್ಲಿರುವುದೇ ಕಟ್ಟಿಸಿದ ಹಲ್ಲು,
ಮುಚ್ಚಳ ಬೆರಳಗಲ ಸರಿಸಿ
ಜೇಬಿನಿಂದ ಬನ್ನಿನ ಚೂರು ಉದುರಿಸುತ್ತಿದ್ದ.
ಕಿತ್ತಳೆ ಮೀನಿಗೆ ಅವನ ಬೆರಳಿನ ಗುರುತಿತ್ತು.

ಹೇಳಬೇಕಿತ್ತು. ನಾಲಿಗೆ ತುದಿಗೂ ಬಂತು.
ರೇಡಿಯೇಟರ್ ಮೇಲೆ ಅವನ ಕೈಗವಸು ಒಣಗುತ್ತಿತ್ತು,
ಒಂದೇ ಒಂದು.

ಸಂಜೆ ಅಂಗಡಿಗೆ ಫೋನು:
ಇನ್ನೂ ನಾಲ್ಕು ಹುಳು ಕಳಿಸಿ.
ಬ್ರಶ್ಶು ಬೇಡ, ನಮ್ಮಲ್ಲೇ ಇದೆ.