‘ನೆ’ ತೆಗೆದು ‘ರೆ’

ಇಂಗ್ಲಿಷಿನ ತಂತಿಸುದ್ದಿಯಲ್ಲಿ ಇಬ್ಬರಿಗೂ ಒಂದೇ ‘ಸೆಡ್’.
ಹೋಟೆಲಿನ ಯಜಮಾನನಿಗೂ ಸೆಡ್, ತಟ್ಟೆ ತೊಳೆಯುವವನಿಗೂ ಸೆಡ್.
ಅದು ಆ ಭಾಷೆಯ ನ್ಯಾಯವೋ, ಬರೀ ಬಡತನವೋ,
ಇಪ್ಪತ್ತೆರಡು ವರ್ಷ ರಾತ್ರಿಪಾಳಿ ಕೂತರೂ ಬಗೆಹರಿದಿಲ್ಲ.

ಕನ್ನಡಕ್ಕೆ ಇಳಿಸುವಾಗಲೇ ತೊಡಕು.
ಕ್ರಿಯಾಪದದ ಬಾಲ ಹಿಡಿದು ಕೇಳುತ್ತದೆ ಭಾಷೆ:
ಯಾರ ಮಗ? ಏನು ಕೆಲಸ? ಕುರ್ಚಿ ಕೊಡಲೇ, ನಿಲ್ಲಿಸಿಯೇ ಮಾತಾಡಿಸಲೇ?
ಉತ್ತರಿಸದೆ ವಾಕ್ಯ ಮುಗಿಯುವುದಿಲ್ಲ.

ಫೋರ್ಟಿನ ಗಲ್ಲಿಯಲ್ಲಿ ಮೂರನೇ ಮಹಡಿ,
ಕೆಳಗೆ ಟೈಪಿಂಗ್ ಕ್ಲಾಸು, ಮೇಲೆ ಪಾರಿವಾಳ.
ತೊಂಬತ್ತಾರರ ಮಾರ್ಚ್, ರಾತ್ರಿ ಹನ್ನೊಂದೂವರೆ.
ಮುಲುಂಡಿನಲ್ಲಿ ಸಿಲಿಂಡರ್ ಸಿಡಿದ ಸುದ್ದಿ.

ನನ್ನ ಕೈ ತಾನಾಗಿ ಬರೆದದ್ದು ಹೀಗೆ:
ಮಾಲೀಕರಾದ ವಾಮನ ಅಡ್ಯಂತಾಯರು
ಯಾವ ಲೋಪವೂ ಇರಲಿಲ್ಲವೆಂದು ಸ್ಪಷ್ಟಪಡಿಸಿದ್ದಾರೆ.
ಸುಟ್ಟಗಾಯಗೊಂಡ ಕ್ಲೀನರ್ ತಾವರೆಪ್ಪ ಲಮಾಣಿ
ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾನೆ.

ಕೈಯನ್ನೇನು ಬೈಯಲಿ. ಇದೇ ಕೈ ಹಿಂದೊಮ್ಮೆ
ಅಡ್ಯಂತಾಯರ ಮೇಜು ಒರೆಸಿದ್ದು,
ರಾತ್ರಿಶಾಲೆಯ ಫೀಸನ್ನು ಅವರ ಗಲ್ಲಾದಿಂದಲೇ ಪಡೆದದ್ದು.
ಆಗ ನಾನೂ ‘ಏ ಮಾಣಿ’.
ಒಳ್ಳೆಯವರು. ಅದೇ ಕಷ್ಟ.

ಐರೋಡಿ ಮಾಸ್ತರು ಹೇಳುತ್ತಿದ್ದರು: ಪತ್ರಕರ್ತನಿಗೆ
ನೆಂಟರಿಲ್ಲ, ಇಷ್ಟರಿಲ್ಲ; ಎರಡೂ ಕಡೆ ಕೇಳು, ನಡುವೆ ನಿಲ್ಲು.
ಅವನು, ಅವರು: ಇವೆರಡರ ನಡುವೆ
ಕಾಲೂರಲು ಒಂದು ಪ್ರತ್ಯಯವಿದ್ದರೆ ತೋರಿಸಿ, ಮಾಸ್ತರೇ,
ಅಲ್ಲೇ ಬಾಡಿಗೆಗೆ ಖೋಲಿ ಹಿಡಿಯುತ್ತೇನೆ.

ಪುಟ ಕಟ್ಟುವ ಮೇಜು. ಬ್ರೊಮೈಡು, ಮೇಣ, ಬ್ಲೇಡು.
ಕಂಪೋಸಿಂಗ್ ಹುಡುಗ ಆಗಲೇ ಮನೆಗೆ ಹೋಗಿದ್ದ.
ಬೇಕಾದದ್ದು ಒಂದೇ ಅಕ್ಷರ.
ನಿನ್ನೆಯ ಪುಟದ ನಿಧನ ವಾರ್ತೆ,
‘ಪತ್ನಿ, ಮೂವರು ಪುತ್ರಿಯರನ್ನು ಅಗಲಿದ್ದಾರೆ’,
ಅಲ್ಲಿಂದ ‘ರೆ’ ಕತ್ತರಿಸಿದೆ, ಉಗುರಿಗಿಂತ ಸಣ್ಣದು.
‘ನೆ’ ಕಿತ್ತು ಆ ಜಾಗದಲ್ಲಿ ಕೂರಿಸಿದೆ.
ತುಸು ಓರೆಯಾಯಿತು. ಇರಲಿ.
ಮಾಸ್ತರು ಕನ್ನಡಕ ಎತ್ತಿ ನೋಡಿದರು, ಏನೂ ಅನ್ನಲಿಲ್ಲ.
ಕೊನೆಯ ಲೋಕಲ್ಲಿಗೆ ಓಡಿದೆ
ಹೆಬ್ಬೆರಳಿಗೆ ಅಂಟಿದ ‘ನೆ’ಯೊಂದಿಗೆ,
ಗುಡ್ಡ ಸರಿಸಿ ಬಂದವನ ಹಾಗೆ.

ಮರುದಿನ ಹತ್ತಕ್ಕೆ ಫೋನು. ಭಾಂಡುಪಿನ ಕ್ಯಾಂಟೀನಿನಿಂದ
ಹುಡುಗನ ಸೋದರಮಾವ.
“ಸಾಹೇಬ್ರ, ಪೇಪರಿನ್ಯಾಗ ನಮ್ಮ ತಾವರ್ಯಾಗ
‘ಕೊಟ್ಟಿದ್ದಾರೆ’ ಅಂತ ಬರದೀರಿ.
ಖರೇ ಹೇಳ್ರಿ. ಹೋದನೇನ್ರಿ ಅಂವ?”

ತಮ್ಮಂಥವರಿಗೆ ಬಹುವಚನ ಸಿಗುವುದು ಚಟ್ಟದ ಮೇಲೆ ಎಂದು
ಅವನಿಗೆ ಯಾವ ಶಾಲೆಯೂ ಕಲಿಸಬೇಕಿರಲಿಲ್ಲ.

“ಇಲ್ಲ, ಇಲ್ಲ. ಇದ್ದಾನೆ. ಸಾಯನ್ ಆಸ್ಪತ್ರೆ. ಇದ್ದಾನೆ.”
ಆ ಕಡೆ ಒಂದು ದೊಡ್ಡ ಉಸಿರು, ತಟ್ಟೆಗಳ ಸದ್ದು.
“‘ಇದ್ದಾನೆ’ ಅಂದ್ರಲ್ಲ, ಸಾಕ್ರಿ.
ಮತ್ತ, ಮೂರು ದಿನದಿಂದ ಗ್ಯಾಸಿನ ವಾಸನಿ ಬರ್ತಿತ್ತು,
ಶೇಠ್‌ಗ ಹೇಳಿದ್ದೆ ಅಂತ ಅಂವ ಬರಸ್ಯಾನಲ್ಲ,
ಅದು ಯಾವ ಪುಟದಾಗ ಐತ್ರಿ?”

ಪುಟ ಬಿಡಿಸಿದೆ. ಓರೆ ‘ರೆ’ ಇತ್ತು, ಮುಂದೆ ಪೂರ್ಣವಿರಾಮ.
ಜಾಗ ಸಾಲದೆ ತುದಿಯ ನಾಲ್ಕು ಸಾಲು ಕತ್ತರಿಸಿದ್ದು ನಾನೇ,
ಅದೇ ಬ್ಲೇಡಿನಿಂದ, ಅಕ್ಷರಕ್ಕೆ ಹುಡುಕಾಡುವ ಮೊದಲು;
ಕೆಳಗಿನಿಂದ ಕತ್ತರಿಸುವುದು ಕಸುಬಿನ ರೂಢಿ.

ಅಲ್ಲೀಗ ಜವೇರಿ ಬಜಾರಿನ ದರ ಕೂತಿತ್ತು,
ಚಿನ್ನ ಹತ್ತು ಗ್ರಾಮಿಗೆ, ಬೆಳ್ಳಿ ಕಿಲೋಗೆ.
ಅದರಲ್ಲಿ ಯಾವ ಪಕ್ಷಪಾತವೂ ಇರಲಿಲ್ಲ.