ಏಳನೇ ಹೆಜ್ಜೆ

ಎಡಗಾಲು ಮುಂದೆ. ದೊಣ್ಣೆ ಹಣೆಯ ಮಟ್ಟಕ್ಕೆ.
ನಾಲ್ಕು ದಿಕ್ಕಿಗೂ ಸಲಾಮು, ಮಟ್ಟಿಗೆ ಒಂದು ನಮಸ್ಕಾರ,
ಆಮೇಲೆ ಲೆಕ್ಕ: ಒಂದು, ಎರಡು, ಮೂರು.
ಏಳಕ್ಕೆ ಗಿರ್ರನೆ ತಿರುಗಿ
ವೈರಿಗೆ ಬೆನ್ನು ಕೊಡಬೇಕು.

ಹನ್ನೊಂದು ವರ್ಷ ಹೀಗೇ ತಿರುಗಿದ್ದೇನೆ,
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದೆ,
ಬೆಳಗಿನ ಐದಕ್ಕೇ ಹೊಗೆ ಗಂಟಲು ಹಿಡಿಯುವ ಓಣಿಯಲ್ಲಿ.
ತಗಡು ಹೊದಿಸಿದ ಗರಡಿ. ಮಜ್ಜಿಗೆ, ಅರಿಶಿನ, ಎಣ್ಣೆ ಕುಡಿದ ಕೆಮ್ಮಣ್ಣು.
ಹುಸೇನಪ್ಪ ವಸ್ತಾದಿ ಎಣಿಸುತ್ತಿದ್ದ,
ಹಚ್ಚದ ಬೀಡಿಯನ್ನು ತುಟಿಯಲ್ಲೇ ಇಟ್ಟುಕೊಂಡು.
ಸಾಮು ಮುಗಿದ ಮೇಲೇ ಕಡ್ಡಿ ಗೀರುವುದು.

ಮೊನ್ನೆ ರಾತ್ರಿ, ಪಾಳಿ ಮುಗಿಸಿ
ಹೆಗಲ ಮೇಲೆ ಚೀಲ ಹೊತ್ತು ರೈಲ್ವೆ ಗೇಟು ದಾಟುವಾಗ
ಬೈಕಿನವನೊಬ್ಬ (ಚೀಲ ಅವನ ಕನ್ನಡಿಗೆ ತಾಗಿತಂತೆ)
ಇಳಿದ. ಬೈಯಲಿಲ್ಲ. ದಿಕ್ಕು ನೋಡಲಿಲ್ಲ.
ಹೊಡೆದ.

ಕೈ ದೊಣ್ಣೆ ಹುಡುಕಿತು. ದೊಣ್ಣೆ ಗರಡಿಯಲ್ಲಿತ್ತು.
ಕಲಿತ ಮೂವತ್ತೆರಡು ವರಸೆಗಳೂ ಒಮ್ಮೆಲೇ ನುಗ್ಗಿ
ಸಂತೆ ದಿನದ ಬಸ್ಸಿನ ಬಾಗಿಲಲ್ಲಿ ಜನ ಸಿಕ್ಕಿಕೊಂಡ ಹಾಗೆ
ಸಿಕ್ಕಿಕೊಂಡವು.
ಇನ್ನೆರಡು ಕೊಟ್ಟ. ಹೋದ.
ರಸ್ತೆ ತುಂಬ ಮಂಡಕ್ಕಿ, ಲೈಟಿನ ಕೆಳಗೆ ಬೆಳ್ಳಗೆ.

ಬಿದ್ದೆ, ಆದರೆ ಚೆನ್ನಾಗಿ ಬಿದ್ದೆ:
ಗದ್ದ ಎದೆಗೆ, ಅಂಗೈ ನೆಲಕ್ಕೆ, ಉಸಿರು ಹೊರಗೆ.
ತಲೆ ಒಡೆಯಲಿಲ್ಲ.
ಅದನ್ನೂ ಮಟ್ಟಿಯೇ ಕಲಿಸಿದ್ದು,
ಅದಕ್ಕೆ ಮಾತ್ರ ನಾವು ವರಸೆ ಅಂತ ಹೆಸರಿಟ್ಟಿರಲಿಲ್ಲ.

ಬೆಳಿಗ್ಗೆ ಊದಿದ ಮೂಗು ಹೊತ್ತು ಹೋಗಿ
ವಸ್ತಾದಿಯ ಮುಂದೆ ನಿಂತೆ. ಕೇಳಬೇಕಾದ್ದನ್ನು ಮೂಗೇ ಕೇಳಿತು.
ಅವನು ದೊಣ್ಣೆ ಹಿಡಿದು ಬಂದ.
"ಹೊಡಿ ನನ್ನ. ಎಣಿಸಬ್ಯಾಡ."

ಎಪ್ಪತ್ತೊಂದು ವರ್ಷದ ಮೈ. ಹೇಗೆ ಹೊಡೆಯಲಿ?
ಹೊಡೆದೆ. ಎರಡನೇ ಏಟಿಗೆ ತುಟಿ ಒಡೆಯಿತು.
ಮೂರನೆಯದು ತಲುಪಲಿಲ್ಲ: ಅವನ ದೊಣ್ಣೆ ಎತ್ತಲೋ ಬಿದ್ದಿತ್ತು,
ಮೊಣಕೈ ನನ್ನ ಪಕ್ಕೆಯಲ್ಲಿತ್ತು,
ನಾನು ಮಣ್ಣು ತಿನ್ನುತ್ತಿದ್ದೆ.

"ಇದು ಯಾವ ವರಸೆ?"
"ಯಾವುದೂ ಅಲ್ಲಲೇ. ಹತ್ತಿ ಮಿಲ್ಲಿನ ಗೇಟಿನ ಮುಂದೆ ಕಲ್ತಿದ್ದು,
ಸಂಬಳದ ದಿನ."
"ಹಂಗಾದ್ರೆ ಈ ಸಾಮು ಯಾಕೆ?"
ರಕ್ತ ಒರೆಸಿಕೊಂಡ. ಯೋಚಿಸಿದ.
"ಮಿಲ್ಲು ಮುಚ್ಚಿತಲ್ಲಪಾ."

ಅಷ್ಟಕ್ಕೇ ಬಿಡಲಿಲ್ಲ ನಾನು. ಏಳನೆಯದು?
ವೈರಿಗೆ ಬೆನ್ನು ಕೊಡುವ ಆ ಗುಟ್ಟೇನು?
ನಕ್ಕ. ತುಟಿ ಮತ್ತೆ ಸೋರಿತು.
"ನಮ್ಮ ಗುರುಗಳ ಗರಡಿ ಸಣ್ಣದಿತ್ತು.
ಆರು ಹೆಜ್ಜಿಗೆ ಗೋಡೆ ಬರ್ತಿತ್ತು.
ತಿರುಗದೆ ಇನ್ನೇನ್ ಮಾಡ್ಬೇಕಿತ್ತು?"

ಆ ಗೋಡೆ ಬಿದ್ದು ನಲವತ್ತು ವರ್ಷ.
ಅಲ್ಲೀಗ ಸೀರೆ ಅಂಗಡಿಯ ಗಿರಾಕಿಗಳು ಸ್ಕೂಟರು ನಿಲ್ಲಿಸುತ್ತಾರೆ.

ಈಗ ಭಾನುವಾರ ಮಧ್ಯಾಹ್ನ ನಾನೂ ಮುರಿಗೇಶನೂ
ಕೈಗೆ ಗೋಣಿತಾಟು ಸುತ್ತಿಕೊಂಡು
ಲೆಕ್ಕವಿಲ್ಲದೆ ಬಡಿದಾಡುತ್ತೇವೆ. ಚೆಂದವಿಲ್ಲ ನೋಡಲು.
ಅವನಿಗೆ ಸಿಟ್ಟು ಬರುತ್ತದೆ, ನನಗೆ ಹೆದರಿಕೆ.
ಹೆದರಿಕೆಯ ಜೊತೆ ಕಾಲು ಅಲ್ಲೇ ಊರಿ ನಿಲ್ಲುವುದನ್ನು
ವಾರಕ್ಕೆ ಅಕ್ಕಿಕಾಳಿನಷ್ಟು ಕಲಿಯುತ್ತಿದ್ದೇನೆ.
ವಸ್ತಾದಿ ನೋಡುವುದಿಲ್ಲ. ಆ ಹೊತ್ತಿಗೆ ಬೀಡಿ ಹಚ್ಚಿರುತ್ತಾನೆ.

ಆದರೂ ಬೆಳಿಗ್ಗೆ ಐದಕ್ಕೆ ಎಡಗಾಲು ಮುಂದೆ.
ಸಲಾಮು, ನಮಸ್ಕಾರ, ಒಂದು, ಎರಡು.
ಆರಕ್ಕೆ ಮೂಗಿನ ತುದಿಗೆ ಸುಣ್ಣದ ವಾಸನೆ,
ನಾನು ಕಾಣದ ಗೋಡೆಯದು.
ತಿರುಗುತ್ತೇನೆ.

ನಿನ್ನೆ ಸೇರಿದ ಹುಡುಗ ಕೇಳಿದ: "ಅಣ್ಣಾ, ಯಾಕೆ ತಿರುಗಬೇಕು?"
ಬಾಯಿ ತೆರೆದೆ.
"ಮೊದ್ಲು ಆರು ಸರಿಯಾಗಿ ಹಾಕಲೇ," ಅಂದೆ.