ಕೋಷ್ಟಕ ಎರಡು

ಪತ್ರಿಕೆಯವರ ಉತ್ತರ ಬಂದು ಇಪ್ಪತ್ತು ದಿನ.
ಸಣ್ಣಪುಟ್ಟ ತಿದ್ದುಪಡಿ ಅಂದಿದ್ದಾರೆ: ಸಣ್ಣವು ಹದಿನೇಳು,
ಪುಟ್ಟದು ಒಂದು.

ಗುತ್ತಲು ರಸ್ತೆಯ ಈ ಬಾಡಿಗೆ ಕೋಣೆಯಲ್ಲಿ
ಮೈಸೂರಿನ ರಾತ್ರಿ ರೈಲು ಹಾದಾಗಲೆಲ್ಲ
ಮೇಜಿನ ಮೇಲಿನ ಡಬ್ಬಿಗಳು ಗಿಲಕಿಯಾಡುತ್ತವೆ.
ಒಳಗೆ ಗದ್ದೆಯಿಲಿಯ ದವಡೆ, ಹೆಗ್ಗಣದ ಹಲ್ಲು,
ಒಂದರಲ್ಲಿ ಏಡಿಯ ಕೊಂಡಿ;
ಕೊಂಬಿನ ಗೂಬೆ ನುಂಗಿ, ಅರಗದೆ
ಉಗುಳಿದ ಉಂಡೆಗಳಿಂದ ಇಕ್ಕಳದಲ್ಲಿ ಹೆಕ್ಕಿದ್ದು.
ಒಂಬತ್ತು ಗೂಡು, ನಾನೂರ ಹನ್ನೆರಡು ಉಂಡೆ.
ಮೂರು ವರ್ಷ ನಾನು ಓದಿದ್ದು ಅಷ್ಟೇ.

ಮೊದಲ ವಿಮರ್ಶಕರು ಒಳ್ಳೆಯವರು.
ಅಲ್ಪವಿರಾಮ ಕೇಳುತ್ತಾರೆ, ಕೊಡುತ್ತೇನೆ.
ಹತ್ತಿರದ ಕಬ್ಬು ಎಂದರೆ ಎಷ್ಟು ಹತ್ತಿರ ಎನ್ನುತ್ತಾರೆ,
ಎಣಿಸಿದ ಹೆಜ್ಜೆಗಳನ್ನು ಮೀಟರಿಗೆ ತಿರುಗಿಸುತ್ತೇನೆ.
ಎರಡನೆಯವರದು ಎರಡೇ ಸಾಲು:
ಕೋಷ್ಟಕ ಎರಡರಲ್ಲಿ ಗೂಡುಗಳ ಅಕ್ಷಾಂಶ ರೇಖಾಂಶ ಇಲ್ಲ.
ಇನ್ನೊಬ್ಬರು ಬಂದು ನೋಡುವುದು ಹೇಗೆ?

ನ್ಯಾಯವಾದ ಮಾತು.
ಇನ್ನೊಬ್ಬರು ಬಂದು ನೋಡಿದ್ದಾರೆ, ಸ್ವಾಮಿ.

ಐದು ವರ್ಷದ ಕೆಳಗೆ ಒಂದು ಪುಟದ ಟಿಪ್ಪಣಿ ಬರೆದಿದ್ದೆ,
ನನ್ನ ಮೊದಲ ಅಚ್ಚು. ದಶಮಾಂಶದ ಮುಂದೆ ಐದು ಅಂಕಿ ಕೊಟ್ಟಿದ್ದೆ,
ಜಾಣೆ ಅನ್ನಿಸಿಕೊಳ್ಳಲು.
ದೀಪಾವಳಿ ಅಮಾವಾಸ್ಯೆಗೆ ಆರು ದಿನ ಇರುವಾಗ
ಹಳೇ ಕಲ್ಲುಕ್ವಾರಿಯ ಬಾಯಲ್ಲಿ ಬೈಕು ನಿಲ್ಲಿಸಿ
ಇಬ್ಬರು ಇಳಿದರಂತೆ. ಯಾರನ್ನೂ ದಾರಿ ಕೇಳಲಿಲ್ಲವಂತೆ.
ಫೋನು ನೋಡಿಕೊಂಡು ನೆಟ್ಟಗೆ ನಡೆದರಂತೆ,
ಹುಟ್ಟಿದ ಮನೆಗೆ ಹೋದ ಹಾಗೆ.
ಬಂಡೆಯಂಚಿನಲ್ಲಿ ಉಳಿದದ್ದು ನಾಲ್ಕು ಗರಿ,
ಒಂದು ಗೇಣು ನೈಲಾನ್ ಹಗ್ಗ.
ಮರುವರ್ಷ ಎಲ್ಲಿಂದಲೋ ಬೇರೆ ಜೋಡಿ ಬಂದು ಅಲ್ಲೇ ಕೂತಿತು.
ಅವಕ್ಕೆ ಟಿಪ್ಪಣಿ ಓದಲು ಬರುವುದಿಲ್ಲವಲ್ಲ.

ಇದನ್ನೆಲ್ಲ ಹೇಳಿದವಳು ಓಬಳಮ್ಮ.
(ಅದು ಅವಳ ಹೆಸರಲ್ಲ. ಈ ಪದ್ಯಕ್ಕೆಂದು ಇಟ್ಟದ್ದು.)
ಅದೇ ಕ್ವಾರಿಯಲ್ಲಿ ಜಲ್ಲಿ ಒಡೆದವಳು,
ಕೆಲಸ ನಿಂತ ಮೇಲೆ ಅಲ್ಲೇ ಮೇಕೆ ಮೇಯಿಸುವವಳು.
ಸಿಡಿಮದ್ದಿಗೆ ಒಂದು ಕಿವಿ ಕೊಟ್ಟಿದ್ದಾಳೆ;
ಉಳಿದೊಂದರಲ್ಲೇ, ಕೂಗಿದ್ದು ಗಂಡೋ ಹೆಣ್ಣೋ
ಹೇಳಿಬಿಡುತ್ತಾಳೆ.
ಮುನ್ನೂರು ಉಂಡೆ ಬಂದದ್ದು ಅವಳ ಎಲೆಯಡಿಕೆ ಚೀಲದಲ್ಲಿ,
ಸುಣ್ಣ ಮೆತ್ತಿಕೊಂಡು.
"ಗುಮ್ಮ ಬಂತು ಅಂತ ಮಕ್ಳನ್ನ ಹೆದ್ರುಸ್ತಿದ್ದೊ ಕಣವ್ವ.
ಮನ್ಸ ಬಂದ ಅಂತ ಗುಮ್ಮುಂಗೆ ಯಾರು ಹೇಳರು?"

ಅವಳ ಹೆಸರನ್ನು ಕೃತಜ್ಞತೆಯಲ್ಲಿ ಬರೆದಿದ್ದೆ. ಸಾಲದೆನಿಸಿ
ಲೇಖಕರ ಸಾಲಿಗೇ ತಂದೆ, ನನ್ನ ಪಕ್ಕಕ್ಕೆ.
ಭಾನುವಾರ ಬಸ್ಸು ಹಿಡಿದು ಹೋಗಿ ತೋರಿಸಿದೆ.
ಮೇಕೆಗಳನ್ನು ಅವುಗಳ ಪಾಡಿಗೆ ಬಿಟ್ಟು,
ಹೆಸರಿನ ಮೇಲೆ ಬೆರಳಿಟ್ಟು ಮೂರು ಸಲ ಓದಿಸಿದಳು.
ಆಮೇಲೆ ಬಾಯೊಳಗಿನ ಎಲೆ ಉಗಿದು, "ಅಳ್ಸಾಕು" ಅಂದಳು.
"ನನ್ನೆಸ್ರು ಇಡ್ಕಂಡು ಊರ್ಗೆ ಬತ್ತರೆ.
ಊರ್ಗೆ ಬಂದೋರು ಬಂಡೆಗೂ ಬತ್ತರೆ."

ಹಾಗಾಗಿ ಈ ರಾತ್ರಿ ಬರೆಯುವುದು ಬಿಟ್ಟು ಒರೆಸುತ್ತಿದ್ದೇನೆ.
ಐದು ಅಂಕಿ ನಾಲ್ಕಾಗಿ, ನಾಲ್ಕು ಎರಡಾಗಿ,
ಒಂದೊಂದು ಅಳಿದಾಗಲೂ ಗೂಡು ಹರಡಿಕೊಳ್ಳುತ್ತದೆ
ಬಂಡೆಯಿಂದ ಕೆರೆಗೆ, ಕೆರೆಯಿಂದ ಹೋಬಳಿಗೆ,
ಕೊನೆಗೆ ತಾಲ್ಲೂಕಿಗೆ ತಾಲ್ಲೂಕೇ ಒಂದು ಗೂಡು.
ಯಾವ ತಾಲ್ಲೂಕು? ನಾಗಮಂಗಲ ಅಂದುಕೊಳ್ಳಿ.
ಮಳವಳ್ಳಿ ಅಂದರೂ ನನಗೆ ಬೇಸರವಿಲ್ಲ.

ಎರಡನೆಯವರಿಗೆ ಉತ್ತರ: ಮಾನ್ಯರೇ, ತಾವು ಹೇಳಿದ್ದು ಸರಿ.
ಆದರೂ ಕೊಡಲಾರೆ. ತಾವೇ ಬರುವುದಾದರೆ
ಮಂಡ್ಯದ ಬಸ್ ನಿಲ್ದಾಣದಲ್ಲಿ ಕಾದಿರುತ್ತೇನೆ,
ಫೋನು ನನ್ನ ಕೈಗೆ ಕೊಟ್ಟು ನಡೆದರಾಯಿತು.
ಕೊನೆಯ ಸಾಲು ಅಳಿಸಿದೆ. ಮತ್ತೆ ಬರೆದೆ.

ಆ ಹಳೇ ಟಿಪ್ಪಣಿ ಮಾತ್ರ ಇದ್ದಲ್ಲೇ ಇದೆ,
ಐದೂ ಅಂಕಿ ಸಮೇತ.
ಅದನ್ನು ಎಷ್ಟು ಜನ ತೆರೆದರೆಂದು
ಪತ್ರಿಕೆ ತಿಂಗಳು ತಿಂಗಳು ತಿಳಿಸುತ್ತದೆ.
ಮೊದಲ ವರ್ಷ ಆ ಲೆಕ್ಕಕ್ಕೆ ಹಿಗ್ಗಿ
ಅಪ್ಪನಿಗೆ ಫೋನು ಮಾಡಿದ್ದೆ.

ಸೆಪ್ಟೆಂಬರಿನಲ್ಲಿ ಒಬ್ಬರು.
ಅಕ್ಟೋಬರಿನಲ್ಲಿ ಹನ್ನೊಂದು.